ಅಮಾನತು: ಪದದೊಳಗಿನ ಪಾಠ

ಲಂಚ ಪಡೆದು ಸಿಕ್ಕಿಬಿದ್ದ ನೌಕರನನ್ನು ‘ಅಮಾನತು’ಗೊಳಿಸಿದರೆಂದು ಪತ್ರಿಕೆಗಳಲ್ಲಿ ಓದುತ್ತೇವೆ. ಅರಬ್ಬಿ ಮೂಲದ ಈ ಪದದ ಮೊದಲ ಅರ್ಥ, ನಂಬಿ ಒಪ್ಪಿಸಿದ ಸೊತ್ತು. ಠೇವಣಿಯನ್ನು ‘ಅಮಾನತು ಹಣ’ವೆನ್ನುವಾಗ ಆ ಅರ್ಥ ಕನ್ನಡದಲ್ಲಿ ಇಂದಿಗೂ ಜೀವಂತ.

ಇಸ್ಲಾಮೀ ಚಿಂತನೆಯಲ್ಲಿ ಅಧಿಕಾರವೂ ಇಂಥದೊಂದು ಅಮಾನತು. ಪದವಿಯಲ್ಲಿರುವವನು ಅದರ ಒಡೆಯನಲ್ಲ. ಹದೀಸಿನ ಪ್ರಸಂಗವೊಂದು ಹೀಗಿದೆ: ಜಕಾತ್ ಸಂಗ್ರಹಿಸಿ ಮರಳಿದ ಅಧಿಕಾರಿ ಒಂದು ಪಾಲನ್ನು ತನಗೆ ಬಂದ ಉಡುಗೊರೆಯೆಂದನು. ತಂದೆತಾಯಿಯ ಮನೆಯಲ್ಲೇ ಕುಳಿತಿದ್ದರೆ ಅದು ಅವನಿಗೆ ಬರುತ್ತಿತ್ತೇ ಎಂದು ಪ್ರವಾದಿ ಮುಹಮ್ಮದರು ಪ್ರಶ್ನಿಸಿದರು. ಉಡುಗೊರೆಗೂ ಲಂಚಕ್ಕೂ ನಡುವಣ ಗೆರೆಯನ್ನು ಇದಕ್ಕಿಂತ ಸ್ಪಷ್ಟವಾಗಿ ಎಳೆಯುವುದು ಕಷ್ಟ.

ಆದರೆ ಗೆರೆಯನ್ನು ಬಲ್ಲವರೂ ಅದನ್ನು ದಾಟುತ್ತಾರೆ. ಅರಿವೊಂದೇ ಸಾಲದೆಂಬುದನ್ನು 1030ರಲ್ಲಿ ತೀರಿಕೊಂಡ ದಾರ್ಶನಿಕ ಇಬ್ನ್ ಮಿಸ್ಕವೈಹ್ ಕಂಡಿದ್ದನು. ಶೀಲವು ಹುಟ್ಟಿನಿಂದ ಸ್ಥಿರವಾದುದಲ್ಲ, ಶಿಕ್ಷಣ ಮತ್ತು ಅಭ್ಯಾಸಗಳಿಂದ ರೂಪುಗೊಳ್ಳುವಂಥದು ಎಂಬುದು ಅವನ ‘ತಹ್‌ಜೀಬುಲ್ ಅಖ್ಲಾಕ್’ ಗ್ರಂಥದ ನಿಲುವು.

ಇದು ನಿಜವಾದರೆ, ವರ್ಷಕ್ಕೊಮ್ಮೆ ಜಾಗೃತಿ ಸಪ್ತಾಹದಲ್ಲಿ ಪ್ರತಿಜ್ಞೆ ಓದಿಸಿದರೆ ಭ್ರಷ್ಟಾಚಾರ ವಿರೋಧಿ ಶಿಕ್ಷಣ ಮುಗಿಯುವುದಿಲ್ಲ. ವಿದ್ಯಾರ್ಥಿ ಸಂಘದ ಹಣದ ಲೆಕ್ಕ, ಹಾಜರಿ ಪುಸ್ತಕ, ಪರೀಕ್ಷಾ ಕೊಠಡಿ, ನಾವೇ ಬರೆದೆವೆಂದು ಒಪ್ಪಿಸುವ ಪ್ರಬಂಧ: ಅಭ್ಯಾಸ ಮೊದಲಾಗಬೇಕಾದುದು ಇಲ್ಲಿ. ಅಮಾನತಿನ ಮೊದಲ ಅರ್ಥವನ್ನು ಕಾಲೇಜಿನಲ್ಲೇ ಬಾಳಿ ಕಲಿತವರಿಗೆ, ಎರಡನೆಯ ಅರ್ಥವನ್ನು ಕಚೇರಿಯಲ್ಲಿ ಕಲಿಯುವ ಪ್ರಮೇಯ ಬಾರದು.