ದಪ್ಪ ತಂತಿಯ ನಿಯಮವೂ ಕನ್ನಡದ ವಿಜ್ಞಾನ ಬೋಧನೆಯೂ

ಕನ್ನಡದಲ್ಲಿ ಕಲಿತವರಿಗೆ ಇಂದಿನ ವಿಜ್ಞಾನ ದಕ್ಕೀತೇ ಎಂದು ಕಾಸರಗೋಡಿನ ಅನೇಕ ಹೆತ್ತವರು ಶಂಕಿಸುತ್ತಾರೆ. ಶಾಲೆಯ ಸುವರ್ಣ ಮಹೋತ್ಸವದ ಈ ಸಂದರ್ಭದಲ್ಲಿ ಒಂದು ಉದಾಹರಣೆಯ ಮೂಲಕ ಉತ್ತರಿಸಬಯಸುತ್ತೇನೆ.

ತಂತಿ ದಪ್ಪವಾದಷ್ಟೂ ರೋಧ ಕಡಿಮೆ ಎಂಬುದು ಪ್ರೌಢಶಾಲೆಯ ಪಾಠ. ಮನೆಗೆ ಬರುವ 50 ಹರ್ಟ್ಸ್ ವಿದ್ಯುತ್ತಿಗೆ ಇದು ಸಾಮಾನ್ಯವಾಗಿ ಸರಿ. ಆದರೆ ಮೊಬೈಲ್ ಚಾರ್ಜರಿನ ಪುಟ್ಟ ಟ್ರಾನ್ಸ್‌ಫಾರ್ಮರಿನಲ್ಲಿ ಆವೃತ್ತಿಯು ಲಕ್ಷ ಹರ್ಟ್ಸಿನ ಆಸುಪಾಸಿನಲ್ಲಿರುತ್ತದೆ. ಅದು ಅಷ್ಟು ಚಿಕ್ಕದಾಗಿರಲು ಕಾರಣವೇ ಈ ಅಧಿಕ ಆವೃತ್ತಿ. ಅದಕ್ಕೆ ತೆರಬೇಕಾದ ಬೆಲೆ, ತಾಮ್ರದ ಸುರುಳಿಯಲ್ಲಿ ಶಾಖವಾಗಿ ನಷ್ಟವಾಗುವ ಶಕ್ತಿ.

ವೇಗವಾಗಿ ಬದಲಾಗುವ ಪ್ರವಾಹವು ತನ್ನದೇ ಕಾಂತಕ್ಷೇತ್ರದಿಂದ ತಂತಿಯೊಳಗೆ ಸುಳಿಪ್ರವಾಹಗಳನ್ನು ಹುಟ್ಟಿಸುತ್ತದೆ. ಅವು ನಡುವಿನ ಪ್ರವಾಹವನ್ನು ಕುಗ್ಗಿಸಿ, ಹೊರಮೈಯಲ್ಲಿ ಹೆಚ್ಚಿಸುತ್ತವೆ. ತಾಮ್ರದಲ್ಲಿ ಪ್ರವಾಹ ಇಳಿಯುವ ಆಳ 50 ಹರ್ಟ್ಸಿಗೆ ಸುಮಾರು 9 ಮಿಲಿಮೀಟರ್. 1 ಲಕ್ಷ ಹರ್ಟ್ಸಿಗೆ ಸುಮಾರು 0.2 ಮಿಲಿಮೀಟರ್ ಮಾತ್ರ. ದಪ್ಪ ತಂತಿಯ ಒಡಲು ಹೆಚ್ಚುಕಡಿಮೆ ವ್ಯರ್ಥ. ಪದರದ ಮೇಲೆ ಪದರ ಸುತ್ತಿದಾಗಲಂತೂ ನೆರೆಯ ಪದರಗಳ ಕಾಂತಕ್ಷೇತ್ರವೂ ಸೇರಿ, ತಂತಿಯನ್ನು ದಪ್ಪಗೊಳಿಸಿದರೆ ನಷ್ಟ ಹೆಚ್ಚುವುದೂ ಉಂಟು. ಈ ನಷ್ಟವನ್ನು ಲೆಕ್ಕ ಹಾಕುವ ವಿಧಾನವನ್ನು ಡೊವೆಲ್ ಎಂಬವರು 1966ರಲ್ಲಿ ಪ್ರಕಟಿಸಿದರು.

ಪರಿಹಾರವೂ ಸೊಗಸಾದುದು. ಎನಾಮೆಲ್ ಲೇಪಿಸಿದ ಕೂದಲೆಳೆಯಂಥ ತಂತಿಗಳನ್ನು, ನಮ್ಮೂರಿನ ತೆಂಗಿನ ನಾರಿನ ಹಗ್ಗದಂತೆ ಹುರಿ ಮಾಡುತ್ತಾರೆ. ಪ್ರತಿ ಎಳೆಯೂ ಸರದಿಯಂತೆ ಒಳಗೂ ಹೊರಗೂ ಸಾಗುವಂತೆ ಹೆಣೆದರೆ ಪ್ರವಾಹವನ್ನು ಎಲ್ಲವೂ ಸಮನಾಗಿ ಹೊರುತ್ತವೆ. ಇದಕ್ಕೆ ಲಿಟ್ಜ್ ತಂತಿ ಎಂದು ಹೆಸರು. ಪ್ರಾಥಮಿಕ ಮತ್ತು ದ್ವಿತೀಯಕ ಸುರುಳಿಗಳ ಪದರಗಳನ್ನು ಒಂದರ ನಡುವೆ ಒಂದು ಬರುವಂತೆ ಸುತ್ತುವುದು ಇನ್ನೊಂದು ಉಪಾಯ.

ಇಷ್ಟರಲ್ಲಿ ಕನ್ನಡಕ್ಕೆ ನಿಲುಕದ್ದು ಯಾವುದು? ಹರ್ಟ್ಸ್, ಟ್ರಾನ್ಸ್‌ಫಾರ್ಮರ್ ಎಂಬ ಪದಗಳು ಹೊರಗಿನಿಂದ ಬಂದವು. ಸುರುಳಿ, ಸುಳಿ, ಹುರಿ, ಎಳೆ ನಮ್ಮವೇ. ಕೊರತೆ ಭಾಷೆಯದಲ್ಲ, ಬೋಧನೆಯದು. ನಿಯಮವನ್ನು ಬಾಯಿಪಾಠ ಮಾಡಿಸುತ್ತೇವೆ, ಅದರ ಎಲ್ಲೆಯನ್ನು ತೋರಿಸುವುದಿಲ್ಲ. ಮುಂದೆ ಕಾಲೇಜಿನಲ್ಲಿ ವಿದ್ಯಾರ್ಥಿ ಎಡವಿದಾಗ ಅಪವಾದ ಹೊರುವುದು ಕನ್ನಡ ಮಾಧ್ಯಮ.

ಉನ್ನತ ಶಿಕ್ಷಣ ಇಂಗ್ಲಿಷಿನಲ್ಲಿಯೇ ಇರುವಾಗ ಇದರಿಂದೇನು ಎಂಬ ಆಕ್ಷೇಪವನ್ನು ನಾನು ಬಲ್ಲೆ. ಇಂಗ್ಲಿಷ್ ಪಾರಿಭಾಷಿಕ ಪದಗಳನ್ನು ಮುಂದೆಯೂ ಕಲಿಯಬಹುದು. ‘ಏಕೆ’ ಎಂದು ಕೇಳುವ ಅಭ್ಯಾಸ ಎಳವೆಯಲ್ಲಿಯೇ ಬೇರೂರಬೇಕು, ಅದು ಮನೆಮಾತಿನಲ್ಲಿ ಸುಲಭ.

ಇಂಜಿನಿಯರುಗಳಾಗಿರುವ ನಮ್ಮ ಹಳೆ ವಿದ್ಯಾರ್ಥಿಗಳಲ್ಲಿ ನನ್ನದೊಂದು ವಿನಂತಿ: ಕಟ್ಟಡಕ್ಕೆ ದೇಣಿಗೆ ನೀಡಿದ್ದೀರಿ, ಸಂತೋಷ. ವರ್ಷಕ್ಕೊಂದು ದಿನ ಬಿಚ್ಚಿದ ಹಳೆಯ ಟ್ರಾನ್ಸ್‌ಫಾರ್ಮರೊಂದನ್ನು ಹಿಡಿದು ಬನ್ನಿ. ಮಕ್ಕಳಿಗೆ ಕನ್ನಡದಲ್ಲಿಯೇ ಪಾಠ ಹೇಳಿ.