ಆಶ್ರಯದಾತನ ಹೆಸರು, ವಾದ್ಯಗಾರನ ರಾಗ

ಕ್ರಿಕೆಟ್ ಪ್ರಿಯರಾದ ಮಿತ್ರರಿಗೆ 1971ರ ವೆಸ್ಟ್ ಇಂಡೀಸ್ ಪ್ರವಾಸದ ಕಥೆ ಗೊತ್ತಿದ್ದೀತು. ಆ ಸರಣಿಯಲ್ಲಿ 774 ಓಟಗಳನ್ನು ಗಳಿಸಿದ ಸುನಿಲ್ ಗವಾಸ್ಕರರನ್ನು ಕೊಂಡಾಡಿ ಟ್ರಿನಿಡಾಡಿನ ಗಾಯಕ ಲಾರ್ಡ್ ರಿಲೇಟರ್ ಒಂದು ಹಾಡನ್ನೇ ಕಟ್ಟಿದರು. ಸೋತ ನಾಡಿನವರು ಗೆದ್ದವರನ್ನು ಮನಸಾರೆ ಹೊಗಳಿದ ಆ ಹಾಡಿನ ಬಗೆಗೆ ಕ್ಯಾಲಿಪ್ಸೊ ಎಂದು ಹೆಸರು. ಊರಿನ ಸುದ್ದಿ, ಸರ್ಕಾರದ ತಪ್ಪು, ದೊಡ್ಡವರ ಸಣ್ಣತನ ಎಲ್ಲವೂ ಅದಕ್ಕೆ ವಸ್ತು. ಅದರ ಜೀವವಿರುವುದು ಮಾತಿನಲ್ಲಿ.

ಅದೇ ದ್ವೀಪದಲ್ಲಿ ಹುಟ್ಟಿದ ಸ್ಟೀಲ್‌ಪ್ಯಾನ್ ವಾದ್ಯಕ್ಕೆ ಮಾತಿಲ್ಲ. ಬ್ರಿಟಿಷರು 1880ರ ದಶಕದಲ್ಲಿ ಕಾನೂನು ತಂದು ಬಡವರ ಡೋಲನ್ನು ಅಡಗಿಸಿದಾಗ, ಜನರು ಬಿದಿರಿನ ತುಂಡುಗಳನ್ನು ನೆಲಕ್ಕೆ ಕುಟ್ಟಿ ತಾಳ ಹಾಕಿದರು. 1930ರ ದಶಕದಲ್ಲಿ ಬಿದಿರಿನ ಜಾಗಕ್ಕೆ ತಗಡಿನ ಡಬ್ಬಿಗಳು ಬಂದವು. ಮುಂದೆ ಎಣ್ಣೆಯ ಖಾಲಿ ಪೀಪಾಯಿಯ ತಳವನ್ನು ಬಡಿದು ತಗ್ಗಿಸಿ, ಒಂದೊಂದು ಭಾಗದಿಂದ ಒಂದೊಂದು ಸ್ವರವನ್ನು ಹೊರಡಿಸಿದರು. ಆದರೂ ಅದನ್ನು ಬಾರಿಸುವವರಿಗೆ ಪುಂಡರೆಂಬ ಹೆಸರೂ ಪೊಲೀಸರ ಕಾಟವೂ ಬಹುಕಾಲ ತಪ್ಪಲಿಲ್ಲ.

1962ರಲ್ಲಿ ದೇಶ ಸ್ವತಂತ್ರವಾಯಿತು. ಪ್ರಧಾನಿ ಎರಿಕ್ ವಿಲಿಯಮ್ಸರ ಸರ್ಕಾರ ಈ ವಾದ್ಯಮೇಳಗಳಿಗೆ ಆಶ್ರಯ ಕೊಡುವಂತೆ ವ್ಯಾಪಾರ ಸಂಸ್ಥೆಗಳನ್ನು ಪ್ರೋತ್ಸಾಹಿಸಿತು. ಷೆಲ್ ಇನ್‌ವೇಡರ್ಸ್, ಎಸ್ಸೊ ಟ್ರಿಪೋಲಿ ಎಂದು ಮೇಳದ ಹೆಸರಿನ ಮುಂದೆ ಕಂಪನಿಯ ಹೆಸರು ಬಂದು ಕೂತಿತು. ಎಣ್ಣೆಯವರು ಬಿಸಾಡಿದ ಪೀಪಾಯಿಯಿಂದ ಬಡವನು ಸಂಗೀತ ಹೊರಡಿಸಿದ. ಆ ಸಂಗೀತಕ್ಕೆ ಎಣ್ಣೆಯವರೇ ಪೋಷಕರಾದರು!

ಇದನ್ನು ನಾನು ಹಳಿಯಲಾರೆ. ನೂರು ಜನರ ಮೇಳಕ್ಕೆ ವಾದ್ಯ ಬೇಕು, ಶ್ರುತಿ ಕೂಡಿಸುವವರು ಬೇಕು, ಸಾಗಿಸಲು ಲಾರಿ ಬೇಕು. ಹಸಿದ ಹೊಟ್ಟೆಯ ಮೇಲೆ ಕಲೆ ಬಹುಕಾಲ ನಿಲ್ಲದು. ಆದರೆ ‘ಉಂಡ ಮನೆಗೆ ಎರಡು ಬಗೆಯಬಾರದು’ ಎಂಬ ಮಾತನ್ನು ಹಿಡಿದು, ಯಾವ ರಾಗ ನುಡಿಸಬೇಕೆಂಬುದನ್ನೂ ಉಣಿಸಿದವನೇ ಹೇಳಬಹುದೆ? ಕೂಡದೆಂಬುದು ನನ್ನ ಅಭಿಪ್ರಾಯ.

ಕ್ಯಾಲಿಪ್ಸೊಗೂ ಪ್ಯಾನಿಗೂ ಇರುವ ನಂಟು ಇಲ್ಲಿ ಒಳ್ಳೆಯ ಪಾಠ ಹೇಳುತ್ತದೆ. 1963ರಲ್ಲಿ ಆರಂಭವಾದ ‘ಪನೋರಮಾ’ ಸ್ಪರ್ಧೆಯಲ್ಲಿ ಮೇಳಗಳು ಕ್ಯಾಲಿಪ್ಸೊ ಹಾಡುಗಳ ಧಾಟಿಯನ್ನೇ ಎತ್ತಿಕೊಂಡು ಬೆಳೆಸಿ ನುಡಿಸಿದವು. ಇದು ಬರಿಯ ಸಾಲವಲ್ಲ, ಕೊಟ್ಟು ತೆಗೆದುಕೊಳ್ಳುವ ಸಂಬಂಧ. ಲಾರ್ಡ್ ಕಿಚನರ್ ಪ್ಯಾನಿಗೆ ಒಪ್ಪುವಂತೆಯೇ ಹಾಡು ಕಟ್ಟಿದರು. ಭಾರತೀಯ ಮೂಲದ ಜಿತ್ ಸಾಮರೂ ಅವುಗಳಲ್ಲಿ ಹಲವನ್ನು ರೆನೆಗೇಡ್ಸ್ ಮೇಳಕ್ಕೆ ಅಳವಡಿಸಿದರು. ಅವರ ಕೈಯಲ್ಲಿ ಆ ಮೇಳ ಒಂಬತ್ತು ಬಾರಿ ಪನೋರಮಾ ಗೆದ್ದಿತು. ಹಾಡುಗಾರ ಧಾಟಿ ಕೊಟ್ಟ, ಮೇಳ ಅದಕ್ಕೆ ದೀರ್ಘಾಯುಷ್ಯ ಕೊಟ್ಟಿತು.

ಇಷ್ಟಾದರೂ ಆ ನಂಟೂ ಕಟ್ಟಾಗಬಾರದು. 1972ರಲ್ಲಿ ರೇ ಹೋಲ್ಮನ್ ಸ್ಟಾರ್‌ಲಿಫ್ಟ್ ಮೇಳಕ್ಕಾಗಿ ತಾವೇ ರಚಿಸಿದ ರಾಗವನ್ನು ಸ್ಪರ್ಧೆಗೆ ತಂದಾಗ ಸಂಪ್ರದಾಯವಾದಿಗಳು ಆಕ್ಷೇಪಿಸಿದರು. ಆದರೆ 1987 ಮತ್ತು 1988ರಲ್ಲಿ ಲೆನ್ ಬೂಗ್ಸಿ ಶಾರ್ಪ್ ತಮ್ಮದೇ ರಚನೆಗಳಿಂದ ಫೇಸ್ ಟೂ ಮೇಳವನ್ನು ಎರಡು ವರ್ಷವೂ ಗೆಲ್ಲಿಸಿದರು. ಒಡಹುಟ್ಟಿದ ಕ್ಯಾಲಿಪ್ಸೊವಿನ ಧಾಟಿಯನ್ನೇ ಒಲ್ಲೆನೆನ್ನುವ ಸ್ವಾತಂತ್ರ್ಯ ಮೇಳಕ್ಕಿರುವಾಗ, ಹಣ ಕೊಟ್ಟವನ ಮಾತಿಗೆ ಅದು ತಲೆಬಾಗಬೇಕೇಕೆ?

ನಾನೂ ವಿದ್ಯಾರ್ಥಿವೇತನದ ಆಸರೆಯಿಂದ ಓದಿದವನು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರು ನನಗಿಂತ ಮೊದಲು ಯಾರೂ ಇಲ್ಲ. ಕೊಟ್ಟವರ ಉಪಕಾರವನ್ನು ನಾನು ಮರೆಯಲಾರೆ. ಆದರೆ ಪರೀಕ್ಷೆಯ ಉತ್ತರವನ್ನು ನಾನೇ ಬರೆಯಬೇಕು. ನನ್ನ ಅಭಿಪ್ರಾಯ ನನ್ನದೇ ಆಗಿರಬೇಕು. ಋಣ ತೀರಿಸುವುದೆಂದರೆ ನಾಲಗೆಯನ್ನು ಒತ್ತೆಯಿಡುವುದಲ್ಲ.

ಅಮೋಕೋ ರೆನೆಗೇಡ್ಸ್ ಎಂದಿದ್ದ ಮೇಳ, 1998ರಲ್ಲಿ ಆ ಕಂಪನಿ ಬಿಪಿಯಲ್ಲಿ ವಿಲೀನವಾದ ಮೇಲೆ, ಬಿಪಿ ರೆನೆಗೇಡ್ಸ್ ಆಯಿತು. ಮುಂದಿನ ಹೆಸರು ಬದಲಾಯಿತು; ರೆನೆಗೇಡ್ಸ್ ರೆನೆಗೇಡ್ಸ್ ಆಗಿಯೇ ಉಳಿಯಿತು. ಪೋಷಕರು ಬರಲಿ, ಬೋರ್ಡಿನ ಮೇಲೆ ತಮ್ಮ ಹೆಸರನ್ನೂ ಬರೆಸಿಕೊಳ್ಳಲಿ. ಕೋಲು ಮಾತ್ರ ಬಾರಿಸುವವನ ಕೈಯಲ್ಲೇ ಇರಲಿ.