ಕುಯ್ ಎಂದ ಮೇಲೆ ಮಾತಾಡಿ

ಮಕ್ಕಳೇ, ಬ್ಯಾಂಕಿಗೋ ಗ್ಯಾಸ್ ಏಜೆನ್ಸಿಗೋ ಫೋನ್ ಮಾಡಿದರೆ ಮನುಷ್ಯರಿಗಿಂತ ಮೊದಲು ಯಂತ್ರ ಮಾತಾಡುತ್ತದೆಯಲ್ಲ? ‘ಕನ್ನಡಕ್ಕಾಗಿ ಎರಡನ್ನು ಒತ್ತಿ’ ಎನ್ನುತ್ತದೆ. ನಿಮ್ಮ ಅಜ್ಜಿ ಫೋನನ್ನು ಕಿವಿಯಿಂದ ತೆಗೆದು, ಕನ್ನಡಕ ಏರಿಸಿ, ಎರಡು ಎಲ್ಲಿದೆ ಎಂದು ಹುಡುಕುವಷ್ಟರಲ್ಲಿ ಅದು ಮುಂದಿನ ಮಾತಿಗೆ ಹೋಗಿರುತ್ತದೆ. ಆ ಯಂತ್ರದ ಬಾಯಿಗೆ ಮಾತು ಹಾಕುವ ಕೆಲಸ ಈಚೆಗೆ ನನ್ನ ಪಾಲಿಗೂ ಬಂತು.

ನನ್ನ ಅಣ್ಣನ ಮಗನಿಗೆ ತಾಲ್ಲೂಕು ಊರಿನಲ್ಲಿ ಔಷಧಿ ಅಂಗಡಿ ಇದೆ. ರಾತ್ರಿ ಬಾಗಿಲು ಹಾಕಿದ ಮೇಲೆ ಬರುವ ಕರೆಗಳಿಗೆಂದು ವಾಯ್ಸ್ ಮೇಲ್ ಹಾಕಿಸಿದ್ದ. ಮೊದಲು ಸ್ವಾಗತದ ನಾಲ್ಕು ಮಾತು, ಆಮೇಲೆ ಬೀಪ್, ಬೀಪ್ ಆದ ಮೇಲೆ ನಾವು ಹೇಳಿದ್ದು ಮಾತ್ರ ದಾಖಲಾಗುತ್ತದೆ. ಹಾಕಿಕೊಟ್ಟವರೇ ಸ್ವಾಗತವನ್ನೂ ತುಂಬಿಸಿ ಹೋಗಿದ್ದರು. ‘ಆತ್ಮೀಯ ಗ್ರಾಹಕರೇ, ನಿಮ್ಮ ಕರೆ ನಮಗೆ ಅತ್ಯಮೂಲ್ಯವಾದುದು’ ಎಂದು ಶುರುವಾಗಿ ಒಂದು ನಿಮಿಷಕ್ಕೂ ಹೆಚ್ಚು ಹೊತ್ತು ಹರಿಯುವ ಹುಡುಗಿಯ ದನಿ.

ಒಂದು ರಾತ್ರಿ ಹಳ್ಳಿಯಿಂದ ಎಂಬತ್ತರ ಅಜ್ಜ ಒಬ್ಬರು ಕರೆ ಮಾಡಿದರು. ಹೆಂಡತಿಯ ಇನ್ಸುಲಿನ್ ಮುಗಿದಿತ್ತು. ಆ ಕಡೆ ಮಾತಾಡುತ್ತಿರುವುದು ಯಂತ್ರ ಎಂದು ಅವರಿಗೆ ಹೇಗೆ ಗೊತ್ತಾಗಬೇಕು? ಅವಳ ಮಾತಿನ ನಡುವೆಯೇ ತಮ್ಮ ಕಷ್ಟವನ್ನೆಲ್ಲ ಹೇಳಿ, ‘ಮರೀಬೇಡವಮ್ಮ’ ಎಂದು ಫೋನ್ ಇಟ್ಟರು. ಬೀಪ್ ಆಗಿರಲೇ ಇಲ್ಲ. ಬೆಳಿಗ್ಗೆ ನೋಡಿದರೆ ಯಂತ್ರದಲ್ಲಿ ಒಂದು ಅಕ್ಷರವೂ ಇಲ್ಲ. ಮೊದಲ ಬಸ್ಸಿಗೆ ಔಷಧಿ ಬರುತ್ತದೆಂದು ಕಾದು ಸಾಕಾಗಿ, ಮಧ್ಯಾಹ್ನ ಅಜ್ಜ ತಾವೇ ಬಂದರು. ‘ರಾತ್ರಿಯೇ ಆ ಹುಡುಗಿಗೆ ಹೇಳಿದ್ದೆನಲ್ಲಪ್ಪಾ’ ಎಂದರಂತೆ. ಅಷ್ಟರಲ್ಲಿ ಮನೆಯಲ್ಲಿ ಅಜ್ಜಿಗೆ ಬೆಳಗಿನ ಇಂಜೆಕ್ಷನ್ ತಪ್ಪಿತ್ತು.

ಅಂದು ಸಂಜೆಯೇ ಹುಡುಗ ನಮ್ಮ ಮನೆಗೆ ಬಂದ. ‘ಅತ್ತೆ, ನೀವು ಮೂವತ್ತು ವರ್ಷ ಮೇಷ್ಟ್ರ ಕೆಲಸ ಮಾಡಿದವರು. ಹಿಂದಿನ ಬೆಂಚಿಗೂ ತಿಳಿಯುವ ಹಾಗೆ ಇದನ್ನು ನೀವೇ ಹೇಳಿಕೊಡಿ’ ಎಂದ.

ಕಾಗದ ಪೆನ್ನು ಹಿಡಿದು ಕುಳಿತೆವು. ‘ಅತ್ಯಮೂಲ್ಯ’ವನ್ನು ಮೊದಲು ಹೊಡೆದುಹಾಕಿದೆ. ರಾತ್ರಿ ಹತ್ತಕ್ಕೆ ಔಷಧಿ ಕೇಳುವವರಿಗೆ ಅದರಿಂದ ಏನಾಗಬೇಕು? ‘1 ಒತ್ತಿ, ಔಷಧಿಗಾಗಿ’ ಎಂಬುದು ಆಮೇಲೆ ಹೋಯಿತು. ಇದು ಇಂಗ್ಲಿಷನ್ನು ಹಾಗೇ ಕನ್ನಡಕ್ಕೆ ಇಳಿಸಿದ್ದು. ಅಂಕಿ ಮೊದಲು ಬಂದರೆ, ಅದು ಯಾವುದಕ್ಕೆ ಎಂದು ತಿಳಿಯುವ ಹೊತ್ತಿಗೆ ಅಂಕಿಯೇ ಮರೆತಿರುತ್ತದೆ. ನಮ್ಮ ಮಾತಿನ ಜಾಡಿನಲ್ಲಿ ‘ಔಷಧಿ ಬೇಕಿದ್ದರೆ ಒಂದನ್ನು ಒತ್ತಿ’ ಎಂದರೆ ಕೆಲಸ ಮೊದಲು, ಅಂಕಿ ಕೊನೆಗೆ. ಕೇಳಿದ ಕೂಡಲೇ ಬೆರಳು ಹೋಗುತ್ತದೆ.

ಇಷ್ಟಾಯಿತು ನಮ್ಮ ಸ್ವಾಗತ: ‘ನಮಸ್ಕಾರ. ಇದು ಔಷಧಿ ಅಂಗಡಿ. ಮಾತಾಡುತ್ತಿರುವುದು ಯಂತ್ರ. ಅಂಗಡಿ ಬೆಳಿಗ್ಗೆ ಎಂಟಕ್ಕೆ ತೆರೆಯುತ್ತದೆ. ಜೀವಕ್ಕೆ ಅಪಾಯ ಇದ್ದರೆ ಫೋನ್ ಇಟ್ಟು ಒಂದು ಸೊನ್ನೆ ಎಂಟಕ್ಕೆ ಮಾಡಿ. ಈ ರಾತ್ರಿಯೇ ಔಷಧಿ ಬೇಕಿದ್ದರೆ ಎರಡನ್ನು ಒತ್ತಿ, ನಾನೇ ಮಾತಾಡುತ್ತೇನೆ. ನಾಳೆ ಸಾಕು ಎನ್ನುವವರು ಏನೂ ಒತ್ತಬೇಡಿ. ಕುಯ್ ಎಂದ ಮೇಲೆ ಹೆಸರು, ಊರು, ಫೋನ್ ನಂಬರು, ಬೇಕಾದ ಔಷಧಿ ಹೇಳಿ.’ ನೂರ ಎಂಟು ಆಂಬುಲೆನ್ಸಿನ ನಂಬರು, ನಿಮಗೆ ಗೊತ್ತಿರುತ್ತದೆ.

‘ಕುಯ್’ ಎಂಬ ಪದ ಕೊಟ್ಟವರು ಪಕ್ಕದ ಮನೆಯ ಅಜ್ಜಿ. ‘ಬೀಪ್ ಶಬ್ದದ ನಂತರ ಸಂದೇಶ ದಾಖಲಿಸಿ’ ಎಂದು ಓದಿದಾಗ ‘ಯಾರದು ದಾಖಲೆ, ಆಸ್ಪತ್ರೆಗಾ?’ ಎಂದು ಕೇಳಿದ್ದರು.

ದನಿ ಹುಡುಗನದೇ ಇರಲಿ ಎಂದೆ. ಊರಿಗೆಲ್ಲ ಗೊತ್ತಿರುವ ದನಿ. ಫ್ಯಾನು ಆರಿಸಿ, ಕಿಟಕಿ ಮುಚ್ಚಿ ಹೇಳಿಸಿದೆ. ಎದುರಿಗೆ ಚೆನ್ನಾಗಿ ಕೇಳಿದ್ದು ಫೋನಿನಲ್ಲಿ ಮಂಕಾಗಿತ್ತು. ಹಳೆಯ ಟೆಲಿಫೋನ್ ತಂತಿ 300ರಿಂದ 3400 ಹರ್ಟ್ಸ್‌ವರೆಗಿನ ದನಿಯನ್ನು ಮಾತ್ರ ಹೊರುತ್ತದೆ. ‘ಸ’ಕಾರದ ಸುಯ್ ಸದ್ದು ಬಹುಪಾಲು ಅದಕ್ಕಿಂತ ಮೇಲಿನದು, ದಾರಿಯಲ್ಲೇ ಸೋರಿಹೋಗುತ್ತದೆ. ಎಪ್ಪತ್ತು, ಎಂಬತ್ತು, ಒಂಬತ್ತು ಒಂದರ ಹಾಗೆ ಇನ್ನೊಂದು ಕೇಳುತ್ತವೆ. ಅದಕ್ಕೇ ನಂಬರನ್ನು ಬಿಡಿಬಿಡಿ ಅಂಕಿಯಾಗಿ ಹೇಳಬೇಕು. ಆರನೆಯ ಸಲಕ್ಕೆ ಸರಿಹೋಯಿತು. ಬೆಂಗಳೂರಿನ ಮೆಟ್ರೊದಲ್ಲಿ ಕನ್ನಡ ಪ್ರಕಟಣೆ ಕೇಳಿದ್ದೀರಾ? ಅದಕ್ಕೆ ದನಿ ಕೊಟ್ಟ ಅಪರ್ಣಾ 2024ರಲ್ಲಿ ತೀರಿಕೊಂಡರು. ಗದ್ದಲದಲ್ಲೂ ಒಂದಕ್ಷರ ತಪ್ಪದಂತೆ, ಕೂಗದೆ ಹೇಳುವುದು ಹೇಗೆಂದು ಹುಡುಗನಿಗೆ ಅದನ್ನೇ ಕೇಳಿಸಿದೆ.

ಅಂದ ಹಾಗೆ, ಗುಂಡಿ ಒತ್ತಿದರೆ ಯಂತ್ರಕ್ಕೆ ಹೇಗೆ ತಿಳಿಯುತ್ತದೆ? ಪ್ರತಿ ಗುಂಡಿಗೂ ಎರಡು ಸ್ವರಗಳಿವೆ, ಅಡ್ಡಸಾಲಿಗೊಂದು, ಉದ್ದಸಾಲಿಗೊಂದು. ಒಂದನ್ನು ಒತ್ತಿದರೆ 697 ಮತ್ತು 1209 ಹರ್ಟ್ಸ್‌ನ ಸ್ವರಗಳು ಒಟ್ಟಿಗೆ ಹೊರಡುತ್ತವೆ. ಅದನ್ನು ಕೇಳಿ ಯಂತ್ರ ಅಂಕಿ ಗುರುತಿಸುತ್ತದೆ. ಅಜ್ಜನ ಕಾಲದ, ಬೆರಳಿಟ್ಟು ತಿರುಗಿಸುವ ಕಪ್ಪು ಫೋನಿನಲ್ಲಿ ಈ ಸ್ವರಗಳಿರಲಿಲ್ಲ. ಕಟಕಟ ಎಂದು ಎಣಿಸುವುದಷ್ಟೇ. ಅದರಲ್ಲಿ ಎಷ್ಟು ತಿರುಗಿಸಿದರೂ ಈ ಯಂತ್ರಕ್ಕೆ ಅರ್ಥವಾಗದು.

ಕಚೇರಿಗಳಿಗೆ ವಾಯ್ಸ್ ಮೇಲ್ ಮಾಡಿ ಮಾರಿದವರಲ್ಲಿ ಮೊದಲಿಗರು ಅಮೆರಿಕದ ಗಾರ್ಡನ್ ಮ್ಯಾಥ್ಯೂಸ್. 1983ರಲ್ಲಿ ಅವರಿಗೆ ಪೇಟೆಂಟ್ ಸಿಕ್ಕಿತು. ಅವರ ಯಂತ್ರಕ್ಕೆ ಮೊದಲ ಸ್ವಾಗತ ಹೇಳಿದ ದನಿಯೂ ಮನೆಯದೇ, ಅವರ ಹೆಂಡತಿಯದು.

ಹೊಸ ಸ್ವಾಗತ ಹಾಕಿದ ವಾರ ಎಂಟು ಜನ ಕುಯ್ ಎಂದ ಮೇಲೆಯೇ ಮಾತಾಡಿದ್ದರು. ಒಬ್ಬರು ಮಾತ್ರ ಊಟ ಆಯಿತಾ ಎಂದು ಯಂತ್ರವನ್ನೇ ವಿಚಾರಿಸಿದ್ದರು. ಈಗ ಉಳಿದಿರುವುದು ಹಬ್ಬದ ರಜೆಯ ಸ್ವಾಗತ. ಹಬ್ಬದ ಹಿಂದಿನ ರಾತ್ರಿ ಹಾಕಬೇಕು, ಹಬ್ಬ ಮುಗಿದ ಕೂಡಲೇ ತೆಗೆಯಬೇಕು. ಯುಗಾದಿಯ ರಜೆ ಶ್ರಾವಣದವರೆಗೂ ಕೇಳುತ್ತಿದ್ದರೆ ಜನ ಬೇರೆ ಅಂಗಡಿ ನೋಡಿಕೊಳ್ಳುತ್ತಾರೆ. ಅದರ ಜವಾಬ್ದಾರಿಯನ್ನು ಹುಡುಗನ ಮಗಳು ಹೊತ್ತಿದ್ದಾಳೆ. ಆರನೇ ಕ್ಲಾಸು. ಕ್ಯಾಲೆಂಡರಿನಲ್ಲಿ ಕೆಂಪು ಅಂಕಿಗಳ ಪಕ್ಕ ಪೆನ್ಸಿಲ್ಲಿನಿಂದ ಗುರುತು ಹಾಕುತ್ತ, ‘ಅಜ್ಜಿ, ಗೌರಿ ಹಬ್ಬಕ್ಕೆ ಅರ್ಧ ದಿನವಾ, ಪೂರ್ತಿಯಾ?’ ಎಂದು ನಿನ್ನೆ ಫೋನ್ ಮಾಡಿದ್ದಳು.